ದೊಡ್ಡಬಾಯಿಯ ಊಟ

ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಹೇಳಿ ಹೋಗಿದ್ದಾರೆ. ಪರರ ಊಟ ಬಲ್ಲವನ ಗತಿ ಏನೆಂದು ಮಾತ್ರ ಹೇಳಲಿಲ್ಲ. ಬಹುಶಃ ಅವರ ಕಾಲದಲ್ಲಿ ಹೊಟ್ಟೆ ಸಾಹೇಬರಂಥವರು ಇರಲಿಲ್ಲ.

ಹೊಟ್ಟೆ ಸಾಹೇಬರು ಎಂಬುದು ಬಂದರಿನ ಮೀನುಗಾರರು ಇಟ್ಟ ಹೆಸರು. ಹೊಟ್ಟೆ ದೊಡ್ಡದೆಂದು ಇಟ್ಟದ್ದಲ್ಲ, ಹೊಟ್ಟೆ ಸೀಳುವವರೆಂದು ಇಟ್ಟದ್ದು. ಬಂದರಿನ ಹಿಂದೆ ಒಂದು ಮೀನು ಸಂಶೋಧನಾ ಕೇಂದ್ರ, ಅದರ ತುದಿಯಲ್ಲಿ ಆಹಾರಾಭ್ಯಾಸ ವಿಭಾಗವೆಂಬ ಕೋಣೆ. ಕೋಣೆಯಲ್ಲಿ ಕಲ್ಲಿನ ಮೇಜು, ಎರಡು ಬಿಳಿ ತಟ್ಟೆ, ಎರಡು ತಕ್ಕಡಿ, ಒಂದು ಕತ್ತರಿ, ಮೂರು ಚಿಮುಟ, ಮತ್ತು ಹಿರಿಯ ಸಹಾಯಕರಾದ ಇವರು. ಇಪ್ಪತ್ತೆರಡು ವರ್ಷಗಳಿಂದ ದಿನಕ್ಕೆ ಆರೇಳು ಮೀನುಗಳ ಹೊಟ್ಟೆ ತೆರೆದು, ಅವು ಕೊನೆಯ ಬಾರಿ ಏನು ತಿಂದಿದ್ದವೆಂದು ಬರೆದಿಡುವುದು ಅವರ ಕೆಲಸ. ಕೇಳಲು ಇಷ್ಟೇ. ಆದರೆ ಅವರು ಅದನ್ನು ನ್ಯಾಯಾಧೀಶರು ತೀರ್ಪು ಬರೆಯುವ ಗಾಂಭೀರ್ಯದಲ್ಲಿ ಬರೆಯುತ್ತಿದ್ದರು.

ಅವರ ಪಾಲಿಗೆ ಬಂದ ಮೀನು ಒಂದೇ ಜಾತಿಯದು. ಶಾಸ್ತ್ರದ ಹೆಸರು ಉದ್ದವಾಗಿತ್ತು. ಬಂದರಿನಲ್ಲಿ ಎಲ್ಲರೂ ದೊಡ್ಡಬಾಯಿ ಎನ್ನುತ್ತಿದ್ದರು. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ, ಹಳೆಯ ಕಟ್ಟೆಯ ಕಂಬಗಳ ನೆರಳಿನಲ್ಲಿ ಅದು ಕಲ್ಲಿನ ಹಾಗೆ ನಿಂತಿರುತ್ತದೆ. ಅಟ್ಟಿಸಿಕೊಂಡು ಹೋಗುವ ಜಾಯಮಾನ ಅದರದ್ದಲ್ಲ. ಇಳಿತದ ನೀರು ಸೀಗಡಿಯನ್ನೋ ಮರಿಮೀನನ್ನೋ ಹೊತ್ತು ತಂದು ಮುಂದೆ ನಿಲ್ಲಿಸುವವರೆಗೆ ಕಾಯುತ್ತದೆ. ಆಮೇಲೆ ಬಾಯಿ ತೆರೆಯುತ್ತದೆ, ಅಷ್ಟೆ. ನೀರಿನ ಜೊತೆ ಎದುರಿಗಿದ್ದದ್ದೆಲ್ಲ ಒಳಗೆ. ಅಗಿಯುವುದಿಲ್ಲ, ಇಡಿಯಾಗಿ ನುಂಗುತ್ತದೆ. ಚಿಕ್ಕದಿದ್ದಾಗ ಕಣ್ಣಿಗೆ ಕಾಣದ ಹುಳ, ಬೆಳೆಯುತ್ತ ಸೀಗಡಿ, ಬೆಳೆದ ಮೇಲೆ ಮೀನು, ಏಡಿ. ಸಿಕ್ಕರೆ ತನ್ನದೇ ಜಾತಿಯ ಮರಿಗಳನ್ನೂ ಬಿಡದು. ಇಷ್ಟಾಗಿಯೂ ಮೂರರಲ್ಲಿ ಒಂದರ ಹೊಟ್ಟೆ ಬರಿದಾಗಿಯೇ ಇರುತ್ತದೆ. ಕಾಯುವವರ ಪಾಡೇ ಹಾಗೆ.

ಅರೆ ಕರಗಿದ ಮುದ್ದೆಯಲ್ಲಿ, ಮೀನಿನ ಕಿವಿಯೊಳಗಿರುವ ಸಾಸಿವೆ ಗಾತ್ರದ ಕಲ್ಲೊಂದು ಸಿಕ್ಕರೆ ಸಾಕು, ಸಾಹೇಬರು ಒಳಗೆ ಹೋದ ಮೀನು ಯಾವುದು, ಎಷ್ಟುದ್ದ, ನಿನ್ನೆಯದೋ ಇವತ್ತಿನದೋ ಎಂದು ಹೇಳಿಬಿಡುತ್ತಿದ್ದರು. ಕೆಲಸ ಕಲಿಸಿದ ಗುರುಗಳು ಮೊದಲ ದಿನವೇ ಅವರಿಗೆ ಒಂದು ಮಾತು ಹೇಳಿದ್ದರು: ‘ತಿಂದವನ ಮಾತು ನಂಬಬೇಡ, ಹೊಟ್ಟೆಯ ಮಾತು ನಂಬು.’ ಮೀನು ಮಾತಾಡುವುದಿಲ್ಲವಾದ್ದರಿಂದ ಈ ನಿಯಮ ಪಾಲಿಸಲು ಅವರಿಗೆ ಎಂದೂ ಕಷ್ಟವಾಗಿರಲಿಲ್ಲ.

ಕಷ್ಟ ಶುರುವಾದದ್ದು ಹೆಂಡತಿ ಬಟ್ಟೆ ಒಣಗಿಸಲು ಹೋಗಿ ತಲೆ ಸುತ್ತಿ ಬಿದ್ದ ದಿನ.

ಡಾಕ್ಟರಮ್ಮ ನಾಡಿ ನೋಡಿದರು, ಕಣ್ಣಿನ ಕೆಳಗೆ ಎಳೆದು ನೋಡಿದರು, ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮುಳ್ಳು ನಲವತ್ತಾರಕ್ಕೆ ನಿಂತಿತು. “ಮೂರು ತಿಂಗಳ ಹಿಂದೆ ನಲವತ್ತೊಂಬತ್ತು ಇದ್ರಿ. ರಕ್ತ ಬೇರೆ ಕಡಿಮೆ. ಏನು ಊಟ ಮಾಡ್ತೀರಿ?”

“ಎಲ್ಲಾ ತಿಂತೀನಿ,” ಎಂದರು ಹೆಂಡತಿ.

“ಎಲ್ಲಾ ಅಂದ್ರೆ ನಮ್ಮ ಭಾಷೇಲಿ ಏನೂ ಇಲ್ಲ ಅಂತ ಅರ್ಥ. ಹದಿನೈದು ದಿನ, ಬಾಯಿಗೆ ಏನು ಹೋಯ್ತು, ಎಷ್ಟು ಹೋಯ್ತು, ಬರೆದು ತನ್ನಿ.”

ಸಾಹೇಬರು ಕುರ್ಚಿಯಲ್ಲಿ ನೆಟ್ಟಗಾದರು. ಕುದುರೆಗೆ ಕಹಳೆ ಕೇಳಿಸಿದ ಹಾಗಾಗಿತ್ತು. “ಅದನ್ನ ನನಗೆ ಬಿಡಿ ಡಾಕ್ಟ್ರೇ. ಅದೇ ನನ್ನ ಕಸುಬು. ಆಹಾರಾಭ್ಯಾಸ ವಿಭಾಗದಲ್ಲಿ ಹಿರಿಯ ಸಹಾಯಕ. ಇಪ್ಪತ್ತೆರಡು ವರ್ಷ ಆಯ್ತು. ಮೂವತ್ತು ಸಾವಿರಕ್ಕೂ ಮೇಲೆ ದಾಖಲೆ ಬರೆದಿದ್ದೀನಿ.”

ಡಾಕ್ಟರಮ್ಮನ ಕಣ್ಣರಳಿತು. “ಮೂವತ್ತು ಸಾವಿರವಾ! ಮೊದಲೇ ಹೇಳಬಾರದಾ? ನಿಮ್ಮಂಥ ತಜ್ಞರು ಮನೇಲಿದ್ರೆ ನಮ್ಮ ಅರ್ಧ ಕೆಲಸ ಮುಗೀತು.”

ಇಲ್ಲಿ ‘ಮೀನಿನ ಆಹಾರ’ ಎಂಬ ಎರಡು ಪದ ಸೇರಿಸಿದ್ದರೆ ಈ ಕಥೆ ಇಲ್ಲೇ ಮುಗಿಯುತ್ತಿತ್ತು. ಸಾಹೇಬರು ಸೇರಿಸಲಿಲ್ಲ. ಸುಳ್ಳು ಹೇಳುವ ಮನುಷ್ಯ ಅವರಲ್ಲ. ಆದರೆ ತಜ್ಞರು ಎಂದು ಒಬ್ಬ ಡಾಕ್ಟರು ಬಾಯಿತುಂಬ ಕರೆದಾಗ, ತಿದ್ದಲು ಮನಸ್ಸು ಬರಬೇಕಲ್ಲ? ಕೇಂದ್ರದಲ್ಲಿ ಅವರನ್ನು ಹಾಗೆ ಕರೆದವರು ಯಾರೂ ಇರಲಿಲ್ಲ. ನಕ್ಕು ಸುಮ್ಮನಾದರು.

ಮನೆಗೆ ಬಂದವರೇ ಹೊಸ ಪುಸ್ತಕ ತೆಗೆದು ಗೆರೆ ಎಳೆದರು. ದಿನಾಂಕ, ಸಮಯ, ಆಹಾರದ ವಿವರ, ತೂಕ, ವಿಶೇಷ ಗುರುತು. ರಾತ್ರಿಯ ಊಟಕ್ಕೆ ಕುಳಿತರು. ಹೆಂಡತಿ ಬಡಿಸಿದರು. ಚೆನ್ನಾಗಿದೆ ಎಂದು ಹೊಗಳಿ ಎರಡನೆಯ ಸಲ ಹಾಕಿಸಿಕೊಂಡರು. ಹೊಗಳಿದ ಮೇಲೆ ಮಾತು ಉಳಿಸಿಕೊಳ್ಳಬೇಕೆಂದು ಮೂರನೆಯ ಸಲ. ಕೈ ತೊಳೆದು, ಪೆನ್ನು ತೆರೆದು ‘ಆಹಾರದ ವಿವರ’ ಎಂಬಲ್ಲಿ ಇಟ್ಟರು. ಪೆನ್ನು ಅಲ್ಲೇ ನಿಂತಿತು. ಹೆಂಡತಿ ಏನು ತಿಂದಳು?

ನಿನ್ನೆ ಏನು ತಿಂದಳು? ಮೊನ್ನೆ? ಇಪ್ಪತ್ನಾಲ್ಕು ವರ್ಷದ ಸಂಸಾರವನ್ನು ಹಿಂದಕ್ಕೆ ತಿರುಗಿಸಿ ನೋಡಿದರು. ಬಡಿಸುವ ಕೈ ಕಾಣಿಸಿತು, ಬಳೆ ಕಾಣಿಸಿತು, ಸೌಟು ಸ್ಪಷ್ಟವಾಗಿ ಕಾಣಿಸಿತು. ಹೆಂಡತಿಯ ತಟ್ಟೆ ಎಲ್ಲಿಯೂ ಕಾಣಿಸಲಿಲ್ಲ. ಅವರು ಉಂಡು ರೇಡಿಯೋ ಮುಂದೆ ಹೋಗಿ ಕೂತ ಮೇಲೆ ಹೆಂಡತಿ, ಮಗಳು ಅಡುಗೆಮನೆಯಲ್ಲಿ ಉಣ್ಣುತ್ತಿದ್ದರು. ನಗುವ ಸದ್ದು ಕೇಳುತ್ತಿತ್ತು. ಮಗಳು ಓದಲೆಂದು ಹಾಸ್ಟೆಲಿಗೆ ಹೋಗಿ ಮೂರು ತಿಂಗಳಾಗಿತ್ತು. ಸದ್ದು ನಿಂತದ್ದು ಅವರ ಗಮನಕ್ಕೆ ಬಂದಿತ್ತು, ರೇಡಿಯೋ ಚೆನ್ನಾಗಿ ಕೇಳುತ್ತದೆ ಎಂಬ ಮಟ್ಟಿಗೆ.

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದರು. “ಏನು ಬರೀಬೇಕು ಅಂತ ನನ್ನೇ ಕೇಳಬಾರದಾ?”

“ಕೇಳಬಾರದು,” ಎಂದರು ಸಾಹೇಬರು. “ನಿಯಮ. ತಿಂದವರ ಮಾತು ದಾಖಲೆಗೆ ಬರಲ್ಲ. ಇನ್ನು ಹದಿನೈದು ದಿನ ಊಟದ ವಿಷಯ ನನ್ನ ಹತ್ರ ಎತ್ತಬೇಡ. ನೀನು ಒಂದು ಮಾತು ಹೇಳಿದ್ರೂ ನನ್ನ ಅಂದಾಜು ಕೆಟ್ಟುಹೋಗುತ್ತೆ. ನೀನು ನಿನ್ನ ಪಾಡಿಗೆ ಇರು. ನಾನು ಇದ್ದೀನಿ ಅಂತಲೇ ಅಂದ್ಕೋಬೇಡ.”

“ಸರಿ,” ಎಂದರು ಹೆಂಡತಿ. ಅದು ಅವರಿಗೆ ಹೊಸ ಅಭ್ಯಾಸವೇನೂ ಆಗಿರಲಿಲ್ಲ.

ಮರುದಿನ ಸಾಹೇಬರು ಫ್ರಿಜ್ಜಿನ ಹಿಂದೆ ನಿಂತರು. ಅಳಿವೆಯ ಕಂಬದ ಹಿಂದೆ ದೊಡ್ಡಬಾಯಿ ಎಷ್ಟು ಅಲುಗಾಡದೆ ನಿಲ್ಲುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ, ಅದನ್ನೇ ಮಾದರಿಯಾಗಿಟ್ಟುಕೊಂಡರು. ಆದರೆ ಮೀನಿಗೆ ಹೊಟ್ಟೆ ಫ್ರಿಜ್ಜಿನಾಚೆ ಚಾಚಿಕೊಂಡಿರುವುದಿಲ್ಲ. ಹೆಂಡತಿ ತಟ್ಟೆ ತೆಗೆದರು, ಆ ಕಡೆ ನೋಡಿದರು, ತಟ್ಟೆ ಮತ್ತೆ ಒಳಗಿಟ್ಟು ಪಾತ್ರೆಗೆ ಮುಚ್ಚಳ ಹಾಕಿದರು. ಎರಡನೆಯ ದಿನ ಪರದೆಯ ಹಿಂದೆ. ಪರದೆಯ ಕೆಳಗೆ ಎರಡು ಪಾದ. ಅಂದೂ ಮುಚ್ಚಳ.

“ನೀವು ನೋಡ್ತಾ ಇದ್ರೆ ಗಂಟಲಲ್ಲಿ ಇಳಿಯಲ್ಲ ರೀ. ಇದನ್ನ ಹೇಳಬಹುದು ತಾನೆ?”

ಹೇಳಬಹುದಾಗಿತ್ತು. ನೋಡುವವರಿದ್ದರೆ ದೊಡ್ಡಬಾಯಿಯೂ ತಿನ್ನುವುದಿಲ್ಲ ಎಂದು ಸಾಹೇಬರಿಗೆ ನೆನಪಾಯಿತು. ಅದಕ್ಕೇ ಅಲ್ಲವೇ ಶಾಸ್ತ್ರ ಬೇರೆ ದಾರಿ ತೋರಿಸಿರುವುದು? ಮೂರನೆಯ ದಿನ ಕೇಂದ್ರದ ಎರಡನೆಯ ತಕ್ಕಡಿಯನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದರು. ಕ್ರಮ ಸರಳವಾಗಿತ್ತು. ತಾವು ಉಂಡೆದ್ದ ಕೂಡಲೇ ಪಾತ್ರೆಯಲ್ಲಿ ಉಳಿದದ್ದನ್ನು ಎಣಿಸಿ ತೂಗುವುದು. ಬೆಳಿಗ್ಗೆ ಆ ಪಾತ್ರೆ ಬರಿದಾಗಿ ಬಚ್ಚಲಲ್ಲಿ ಬಿದ್ದಿದ್ದರೆ, ಉಳಿದದ್ದೆಲ್ಲ ಹೆಂಡತಿಯ ಹೊಟ್ಟೆಗೆ ಹೋಯಿತೆಂದು ಬರೆಯುವುದು. ಕಸದ ಬುಟ್ಟಿಗೆ ಹೋಗಿಲ್ಲವೆಂದು ಖಚಿತ ಮಾಡಿಕೊಳ್ಳಲು ಕಸವನ್ನೂ ನೋಡುವುದು. ಮನೆಯಲ್ಲಿ ಇರುವವರು ಇಬ್ಬರೇ. ಒಬ್ಬರು ತಿಂದಿಲ್ಲವೆಂದರೆ ಇನ್ನೊಬ್ಬರು ತಿಂದಿರಲೇಬೇಕು. ಇದರಲ್ಲಿ ತಪ್ಪು ಹುಡುಕಲು ದೇವರಿಗೂ ಸಾಧ್ಯವಿರಲಿಲ್ಲ.

ದೇವರಿಗೆ ಸಾಧ್ಯವಾಗದ್ದು ಪಕ್ಕದ ಮನೆಯವರಿಗೆ ಸಾಧ್ಯವಾಗುತ್ತದೆ. ಪಕ್ಕದ ಮನೆಯಲ್ಲಿದ್ದವರು ನಿವೃತ್ತ ಟಿಕೆಟ್ ಕಲೆಕ್ಟರು; ಮೂವತ್ತೈದು ವರ್ಷ ಎಲ್ಲರನ್ನೂ ಅನುಮಾನದಿಂದ ನೋಡಿ ಸಂಬಳ ಪಡೆದವರು, ಈಗ ಸಂಬಳವಿಲ್ಲದೆಯೂ ಆ ಸೇವೆ ಮುಂದುವರಿಸಿದ್ದರು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ಹಿತ್ತಲಿಗೆ ಬಂದಾಗ, ಗೋಡೆಯಾಚೆ ಸಾಹೇಬರು ಕಸದ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಚಿಮುಟದಿಂದ ಒಂದೊಂದೇ ತರಕಾರಿ ಸಿಪ್ಪೆ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದರು.

“ಏನಾದ್ರೂ ಕಳೆದುಹೋಯ್ತಾ?”

“ಏನೂ ಕಳೆದಿಲ್ಲ.”

“ಮತ್ತೆ ಹುಡುಕ್ತಾ ಇದ್ದೀರಲ್ಲ?”

“ನನ್ನ ಹೆಂಡತಿ ನಿನ್ನೆ ಏನು ತಿಂದಳು ಅಂತ ನೋಡ್ತಾ ಇದ್ದೀನಿ.”

ಟಿಕೆಟ್ ಕಲೆಕ್ಟರು ಬ್ರಷ್ಷು ಬಾಯಿಂದ ತೆಗೆದರು. “ಅವರು ಮನೇಲೇ ಇದ್ದಾರಲ್ವಾ? ಕೇಳಿದ್ರೆ ಹೇಳಲ್ವಾ?”

“ಕೇಳಬಾರದು,” ಎಂದರು ಸಾಹೇಬರು ಗುಟ್ಟಿನ ದನಿಯಲ್ಲಿ. “ಅವಳ ಮಾತು ನಂಬೋ ಹಾಗಿಲ್ಲ.”

ಸಂಜೆಯ ಹೊತ್ತಿಗೆ ಬೀದಿಯಲ್ಲಿ ಈ ಒಂದು ಸಂಭಾಷಣೆ ಮೂರು ಮರಿ ಹಾಕಿತ್ತು. ಮೊದಲನೆಯ ಮನೆಯಲ್ಲಿ, ಹೆಂಡತಿ ಕದ್ದು ತಿನ್ನುತ್ತಾಳೆ. ಎರಡನೆಯ ಮನೆಯಲ್ಲಿ, ಗಂಡ ಅನ್ನ ತೂಗಿ ಕೊಡುತ್ತಾನೆ, ಅದಕ್ಕೇ ಪಾಪ ಆಕೆ ಬಿದ್ದದ್ದು. ಮೂರನೆಯ ಮನೆಯ ಅಜ್ಜಿಗೆ ಕಿವಿ ಅಷ್ಟಾಗಿ ಕೇಳದಿದ್ದರೂ ಕಲ್ಪನೆ ಚುರುಕಾಗಿತ್ತು: ವಿಷ ಹಾಕುತ್ತಾರೆ, ಯಾರು ಯಾರಿಗೆ ಎಂಬುದು ಇನ್ನೂ ತಿಳಿದಿಲ್ಲ.

ಎರಡನೆಯ ಮನೆಯ ಸುದ್ದಿ ಹೆಂಡತಿಯ ತಮ್ಮನಿಗೆ ಮುಟ್ಟಿತು. ಆತ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ಭಾನುವಾರ ಮಧ್ಯಾಹ್ನ ಚಪ್ಪಲಿಯನ್ನೂ ಬಿಡದೆ ನೇರ ಅಡುಗೆಮನೆಗೆ ನುಗ್ಗಿದರು. ಕಟ್ಟೆಯ ಮೇಲೆ ತಕ್ಕಡಿ, ತಕ್ಕಡಿಯ ಮೇಲೆ ಅನ್ನದ ಪಾತ್ರೆ, ಪಕ್ಕದಲ್ಲಿ ಪೆನ್ನು ಹಿಡಿದ ಭಾವ.

“ಭಾವ! ನಾನು ನಂಬಿರಲಿಲ್ಲ. ಕಣ್ಣಾರೆ ನೋಡಿದೆ.” ಬೈಯಲೆಂದು ಬಾಯಿ ತೆರೆದರು. ಆದರೆ ವೃತ್ತಿ ಎಂಬುದು ಸಿಟ್ಟಿಗಿಂತ ಹಳೆಯದು. ಕಣ್ಣು ತಾನಾಗಿ ತಕ್ಕಡಿಯ ಬುಡಕ್ಕೆ ಹೋಯಿತು. ಬಗ್ಗಿ ನೋಡಿದರು, ಜೇಬಿನಿಂದ ಸಣ್ಣದೊಂದು ತೂಕದ ಬಟ್ಟು ತೆಗೆದಿಟ್ಟು ನೋಡಿದರು, ಎದ್ದರು. “ಇದಕ್ಕೆ ಈ ವರ್ಷದ ಮುದ್ರೆಯೇ ಬಿದ್ದಿಲ್ಲ. ಅದೂ ಅಲ್ಲದೆ ಐದು ಗ್ರಾಂ ಹೆಚ್ಚು ತೋರಿಸ್ತಿದೆ! ನಮ್ಮಕ್ಕನಿಗೆ ತೂಗಿ ಹಾಕೋದೇ ಅನ್ಯಾಯ, ಅದರ ಮೇಲೆ ಮೋಸದ ತಕ್ಕಡಿ ಬೇರೆ!”

“ಹಾಕೋದಕ್ಕೆ ತೂಗ್ತಿಲ್ಲ ಮಾರಾಯ. ಉಳಿದಿದ್ದನ್ನ ತೂಗ್ತಿದ್ದೀನಿ. ಡಾಕ್ಟರು ಹೇಳಿದ್ದು.”

“ಹೌದಾ ಅಕ್ಕ?”

ಹೆಂಡತಿ ಗಂಡನ ಮುಖ ನೋಡಿದರು. ಊಟದ ವಿಷಯ ಎತ್ತಬಾರದು. “ಡಾಕ್ಟರು ಹೇಳಿದ್ದು ನಿಜ,” ಎಂದಷ್ಟೇ ಹೇಳಿ, ತಮ್ಮನಿಗೆ ತಟ್ಟೆ ಹಾಕಿದರು. ತಮ್ಮ ಸಿಟ್ಟಿನಲ್ಲೇ ಉಂಡರು. ಸಿಟ್ಟು ಬಂದಾಗ ಅವರಿಗೆ ಹಸಿವು ಹೆಚ್ಚು. ಆ ದಿನ ಪಾತ್ರೆಯಲ್ಲಿ ತೂಗಲು ಏನೂ ಉಳಿಯಲಿಲ್ಲವಾದ್ದರಿಂದ, ಸಾಹೇಬರು ಆ ಸಾಲಿನಲ್ಲಿ ‘ಅತಿಥಿ’ ಎಂದು ಬರೆದು ಕೆಳಗೆ ಸಹಿ ಹಾಕಿದರು.

ಹದಿನಾರನೆಯ ದಿನ ಡಾಕ್ಟರಮ್ಮ ಪುಸ್ತಕ ತಿರುವಿದರು. ಅಕ್ಷರಗಳು ಮುತ್ತಿನಂತಿದ್ದವು. ಬೇಳೆ, ಮುನ್ನೂರ ಹತ್ತು ಗ್ರಾಂ. ಅನ್ನ, ಇನ್ನೂರ ಎಂಬತ್ತು. ಹುರುಳಿಕಾಯಿ, ಹನ್ನೊಂದು ತುಂಡು, ಅವುಗಳಲ್ಲಿ ಎರಡು ಮೊಂಡು. ಓದುತ್ತ ಓದುತ್ತ ಅವರ ಮುಖ ಸಣ್ಣದಾಯಿತು. ಹೆಂಡತಿಯನ್ನು ಮತ್ತೆ ಯಂತ್ರದ ಮೇಲೆ ನಿಲ್ಲಿಸಿದರು. ನಲವತ್ತೈದು.

“ಇಷ್ಟು ತಿಂದೂ ಹದಿನೈದು ದಿನಕ್ಕೆ ಒಂದು ಕೆಜಿ ಇಳಿದಿದ್ದೀರಾ?” ಎಂದು ಹೆಂಡತಿಯ ಕಡೆ ತಿರುಗಿದರು. “ಇದೆಲ್ಲ ಸರಿಯಾಗಿದೆಯಾ?”

ಹೆಂಡತಿ ಆ ಪುಸ್ತಕವನ್ನು ಒಂದು ದಿನವೂ ತೆರೆದು ನೋಡಿರಲಿಲ್ಲ. “ಅದು…” ಎಂದು ಶುರು ಮಾಡಿದರು. ಸಾಹೇಬರು ಕೆಮ್ಮಿದರು. “ಇವರು ಬರೆದಿದ್ದಾರೆ ಅಂದ ಮೇಲೆ ಸರಿಯಾಗೇ ಇರುತ್ತೆ. ತಪ್ಪು ಬರೆಯೋರಲ್ಲ ಇವರು.”

“ಬೇರೆ ಯಾರಾದ್ರೂ ಬರೆದಿದ್ರೆ ನಾನು ಅನುಮಾನ ಪಡ್ತಿದ್ದೆ. ತಜ್ಞರೇ ಬರೆದಿದ್ದಾರೆ.” ಡಾಕ್ಟರಮ್ಮ ಕನ್ನಡಕ ತೆಗೆದರು. “ಹಾಗಿದ್ರೆ ಒಳಗೆ ಏನೋ ದೊಡ್ಡದು ಇದೆ. ಗುರುವಾರ ಎರಡು ಗಂಟೆಗೆ ದೊಡ್ಡ ಆಸ್ಪತ್ರೆಗೆ ಬನ್ನಿ. ನಾನೂ ಅಲ್ಲಿರ್ತೀನಿ. ಗಂಟಲಿಂದ ಕೊಳವೆ ಇಳಿಸಿ ನೋಡೋಣ. ಅದರಲ್ಲಿ ಗೊತ್ತಾಗಲಿಲ್ಲ ಅಂದ್ರೆ ಹೊಟ್ಟೆ ತೆರೆದು ನೋಡಬೇಕಾಗಬಹುದು. ಅಲ್ಲಿವರೆಗೂ ಬರೀತಾ ಇರಿ.”

ಹೊಟ್ಟೆ ತೆರೆಯುವುದು! ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದವರಿಗೆ ಕಣ್ಣಿಗೆ ಕತ್ತಲೆ ಬಂತು. ಕತ್ತರಿ ಎಲ್ಲಿ ಇಡುತ್ತಾರೆ, ಯಾವ ಕಡೆಗೆ ಎಳೆಯುತ್ತಾರೆ ಎಂದು ಬಲ್ಲವರಿಗೇ ಅದರ ಭಯ ಹೆಚ್ಚು. ಹಿಂದಿರುಗುವಾಗ ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಪಕ್ಕ ಕೂತಿದ್ದರು. ಆ ಕುತ್ತಿಗೆ ಇಷ್ಟು ತೆಳುವಾದದ್ದು ಯಾವಾಗ ಎಂದು ಸಾಹೇಬರಿಗೆ ತಿಳಿಯಲಿಲ್ಲ. ಈಕೆ ಇಲ್ಲವಾದರೆ ಎಂಬ ಯೋಚನೆ ಬಂತು, ಅದನ್ನು ಪೂರ್ತಿ ಮಾಡುವ ಧೈರ್ಯ ಬರಲಿಲ್ಲ.

ಗುರುವಾರ ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ಹೊಣೆಯನ್ನು ತಮ್ಮ ಹೊತ್ತರು. ದೋಣಿಯಿಂದ ಬಂದ ಮೀನು ಕಾಯುವುದಿಲ್ಲ. ಸಾಹೇಬರು ಅರ್ಧ ದಿನ ಕೆಲಸ ಮುಗಿಸಿ ನೇರ ಅಲ್ಲಿಗೆ ಬರುವುದೆಂದಾಯಿತು. ತಾವು ಖಾಲಿ ಹೊಟ್ಟೆಯಲ್ಲಿರಬೇಕೆಂದು ಡಾಕ್ಟರು ಹೇಳಿದ್ದರೂ, ಹೆಂಡತಿ ಎಂದಿನಂತೆ ಆರೂವರೆಗೆ ಗಂಡನ ಊಟದ ಡಬ್ಬಿ ಕಟ್ಟಿ ಕೈಗಿತ್ತರು.

ಆ ದಿನ ಮೇಜಿನ ಮೇಲೆ ಬಂದ ಕೊನೆಯ ಮೀನು ಭಾರಿಯಾಗಿತ್ತು. ಹೊಟ್ಟೆ ತೆರೆದರೆ ಒಳಗೆ ಒಂದು ಗೇಣುದ್ದದ ಮೀನು, ಇನ್ನೂ ಕರಗಿಲ್ಲ. ಅದನ್ನು ಅಗಲಿಸಿ ನೋಡಿದರು: ದೊಡ್ಡಬಾಯಿಯದೇ ಮರಿ. ಪಾಪ, ಅದರ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಇಂಥವು ವರ್ಷಕ್ಕೆ ಹತ್ತಾರು ಸಿಗುತ್ತವೆ, ಅವರು ಎಂದೂ ಎರಡನೆಯ ಸಲ ನೋಡಿದವರಲ್ಲ. ಇವತ್ತು ಯಾಕೋ ನೋಡಿದರು.

ಕೈ ತೊಳೆದು ಡಬ್ಬಿ ತೆರೆದಾಗ ಹನ್ನೆರಡೂವರೆ. ಅನ್ನದ ಮೇಲೆ ಆಲೂಗಡ್ಡೆ ಹೋಳುಗಳು. ಒಂದನ್ನು ಬಾಯಿಗಿಡಲು ಎತ್ತಿದರು. ಅದರ ಅಂಚಿನಲ್ಲಿ ಕಪ್ಪು ಕಣ್ಣೊಂದಿತ್ತು. ಎಲ್ಲೋ ನೋಡಿದ ಹಾಗಿದೆಯಲ್ಲ!

ಚೀಲದಿಂದ ಪುಸ್ತಕ ತೆಗೆದರು. ನಿನ್ನೆ ರಾತ್ರಿಯ ಸಾಲು: ‘ಆಲೂಗಡ್ಡೆ, ಹೋಳು ಏಳು. ಅನ್ನ, ಇನ್ನೂರ ಎಪ್ಪತ್ತು ಗ್ರಾಂ. ವಿಶೇಷ ಗುರುತು: ಒಂದು ಹೋಳಿಗೆ ಕಪ್ಪು ಕಣ್ಣು.’ ಎದುರಿಗೆ, ಇವತ್ತು ಬೆಳಿಗ್ಗೆ ಅವರೇ ಬರೆದದ್ದು: ‘ಪಾತ್ರೆ ಬರಿದು. ಪೂರ್ತಿ ಸೇವಿಸಲಾಗಿದೆ.’

ಸಾಹೇಬರು ಡಬ್ಬಿಯನ್ನು ಬಿಳಿ ತಟ್ಟೆಗೆ ಬಗ್ಗಿಸಿದರು. ಚಿಮುಟದಿಂದ ಹೋಳುಗಳನ್ನು ಒಂದೊಂದಾಗಿ ಸಾಲಾಗಿಟ್ಟರು. ಒಂದು, ಎರಡು, ಮೂರು. ಏಳು. ಅನ್ನ ತೂಗಿದರು. ಇನ್ನೂರ ಅರವತ್ತೈದು; ಮನೆಯ ತಕ್ಕಡಿ ಹೆಚ್ಚು ತೋರಿಸುವ ಐದು ಗ್ರಾಂ ಸೇರಿಸಿದರೆ ಲೆಕ್ಕ ಸರಿ. ಬಾಗಿಲಲ್ಲಿ ಕೇಂದ್ರದ ಮುಖ್ಯಸ್ಥರು ಬಂದು ನಿಂತದ್ದೂ ಅವರಿಗೆ ತಿಳಿಯಲಿಲ್ಲ.

“ಏನ್ರೀ, ಊಟ ಮಾಡ್ತಿದ್ದೀರೋ, ಪರೀಕ್ಷೆ ಮಾಡ್ತಿದ್ದೀರೋ?”

“ಸರ್,” ಎಂದರು ಸಾಹೇಬರು. “ನನ್ನ ಹೆಂಡತಿ ನಿನ್ನೆ ರಾತ್ರಿ ತಿಂದಿದ್ದು ಇದು. ಇಲ್ಲಿದೆ. ನಾನು ತಿನ್ನೋಕೆ ಹೊರಟಿದ್ದೆ. ದಿನಾ ತಿಂದಿದ್ದೀನಿ ಸರ್.”

ಮುಖ್ಯಸ್ಥರಿಗೆ ಏನೂ ಅರ್ಥವಾಗಲಿಲ್ಲ. ಅರ್ಥವಾಗುವಷ್ಟರಲ್ಲಿ ಹೋಳು, ಅನ್ನ ಮತ್ತೆ ಡಬ್ಬಿ ಸೇರಿ, ಕೋಣೆಯಲ್ಲಿ ಯಾರೂ ಇರಲಿಲ್ಲ.

ದೊಡ್ಡ ಆಸ್ಪತ್ರೆಯ ಬಾಗಿಲಲ್ಲಿ ಕಾವಲುಗಾರ ಕೋಲು ಅಡ್ಡ ಹಿಡಿದ. ಬಂದವರ ಮೈಮೇಲೆ ಮೀನಿನ ಹುರುಪೆ ಅಂಟಿದ ನಿಲುವಂಗಿ, ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಚಿಮುಟ. “ಊಟ ಒಳಗೆ ಬಿಡಲ್ಲ.”

“ಇದು ಊಟ ಅಲ್ಲಪ್ಪ, ಸಾಕ್ಷಿ!”

ಸಾಕ್ಷಿಯನ್ನು ಬಿಡಬಾರದೆಂದು ಫಲಕದಲ್ಲಿ ಬರೆದಿರಲಿಲ್ಲವಾದ್ದರಿಂದ ಕಾವಲುಗಾರ ಒಂದು ಕ್ಷಣ ಯೋಚಿಸಿದ. ಆ ಕ್ಷಣದಲ್ಲಿ ಸಾಹೇಬರು ಒಳಗಿದ್ದರು. ಮೇಲಿನ ಮಹಡಿಯಲ್ಲಿ ಹೆಂಡತಿ ಹಸಿರು ಅಂಗಿ ತೊಟ್ಟು ತಳ್ಳುಮಂಚದ ಮೇಲೆ ಕೂತಿದ್ದರು. ಪಕ್ಕದಲ್ಲಿ ತಮ್ಮ. ನೋಡಿಕೊಂಡು ಹೋಗೋಣವೆಂದು ಬಂದಿದ್ದ ಟಿಕೆಟ್ ಕಲೆಕ್ಟರು. ಡಾಕ್ಟರಮ್ಮ ಕೈಗವಸು ಎಳೆದುಕೊಳ್ಳುತ್ತಿದ್ದರು.

“ನಿಲ್ಲಿಸಿ! ಡಾಕ್ಟ್ರೇ, ಇವಳ ಹೊಟ್ಟೇಲಿ ಹುಡುಕಬೇಡಿ. ಹುಡುಕಬೇಕಾದ್ದು ಇಲ್ಲಿದೆ!” ಎಂದು ಡಬ್ಬಿಯ ಮುಚ್ಚಳ ತೆರೆದರು.

ಟಿಕೆಟ್ ಕಲೆಕ್ಟರು ಎರಡು ಹೆಜ್ಜೆ ಹಿಂದೆ ಸರಿದರು. ಮೂರನೆಯ ಮನೆಯ ಅಜ್ಜಿ ಹೇಳಿದ್ದೇ ಸರಿಯಿರಬೇಕು.

ಸಾಹೇಬರು ಹೇಳಿದರು. ನಿಂತಲ್ಲೇ, ಎಲ್ಲರೆದುರಿಗೆ, ಉಸಿರು ಸಿಕ್ಕಷ್ಟು ಹೇಳಿದರು. ಪಾತ್ರೆಯಿಂದ ಮಾಯವಾದದ್ದು ಹೆಂಡತಿಯ ಬಾಯಿಗೆ ಹೋಗಿರಲಿಲ್ಲ, ಮರುದಿನದ ತಮ್ಮ ಡಬ್ಬಿಗೆ ಹೋಗಿತ್ತು. ತಾವು ತಿಂದದ್ದನ್ನೇ ಬರೆದು, ಅದಕ್ಕೆ ಆಕೆಯ ಹೆಸರಿಟ್ಟಿದ್ದರು.

“ನೀವು ಆಹಾರ ತಜ್ಞರಲ್ವಾ?” ಎಂದರು ಡಾಕ್ಟರಮ್ಮ.

“ಮೀನಿಂದು.”

“ಮೀನು ತಿನ್ನೋ ಜನರ ಆಹಾರವಾ?”

“ಅಲ್ಲ ಡಾಕ್ಟ್ರೇ. ಮೀನು ತಿನ್ನೋ ಆಹಾರ. ಸೀಗಡಿ, ಏಡಿ… ನೀವು ತಜ್ಞರು ಅಂದಾಗ ತಿದ್ದಬೇಕಾಗಿತ್ತು. ಆಸೆ ಆಯ್ತು, ತಿದ್ದಲಿಲ್ಲ.”

ಡಾಕ್ಟರಮ್ಮ ಕೈಗವಸು ಬಿಚ್ಚಿದರು. ಮೂಲೆಯ ತೂಕದ ಯಂತ್ರ ತೋರಿಸಿದರು. “ಹತ್ತಿ.”

“ನಾನಾ?”

“ನೀವೇ.”

ಹತ್ತಿದರು. ಮುಳ್ಳು ಎಪ್ಪತ್ತೈದು ತೋರಿಸಿತು. ಮೂರು ತಿಂಗಳ ಹಿಂದೆ ಕೇಂದ್ರದ ವಾರ್ಷಿಕ ತಪಾಸಣೆಯಲ್ಲಿ ಎಪ್ಪತ್ತೊಂದಿತ್ತು. ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರು ಬಗ್ಗಿ ಯಂತ್ರದ ಮುದ್ರೆ ಪರೀಕ್ಷಿಸಿದರು, ಅಕ್ಕನ ತೂಕದ ಚೀಟಿ ನೋಡಿದರು, ಬೆರಳು ಮಡಚಿದರು. “ಅಲ್ಲಿ ನಾಲ್ಕು ಹೋಗಿದೆ, ಇಲ್ಲಿ ನಾಲ್ಕು ಬಂದಿದೆ. ಯಂತ್ರ ಸರಿಯಾಗಿದೆ,” ಎಂದು ಇಲಾಖೆಯ ಧ್ವನಿಯಲ್ಲಿ ಘೋಷಿಸಿದರು. ಆ ಮೇಲೆ ಮನೆಯ ಧ್ವನಿಯಲ್ಲಿ ಕೇಳಿದರು: “ಹಾಗಿದ್ರೆ ನೀನು ಏನು ತಿಂತಿದ್ದೆ ಅಕ್ಕ?”

“ಟೀ, ಬ್ರೆಡ್ಡು. ಒಂದೊಂದು ದಿನ ಗ್ಲಾಸು ಮಜ್ಜಿಗೆ. ಮಗಳಿದ್ದಾಗ ಇಬ್ಬರೂ ಕೂತು ತಿಂತಿದ್ವಿ. ಅವಳು ಹೋದ ಮೇಲೆ ಒಬ್ಬಳೇ ತಟ್ಟೆ ಹಾಕ್ಕೊಂಡು ಕೂರೋಕೆ ಮನಸ್ಸು ಬರಲಿಲ್ಲ. ಉಳಿದಿದ್ದನ್ನ ಇವರ ಡಬ್ಬಿಗೆ ಹಾಕಿದ್ರೆ ಬೆಳಿಗ್ಗೆ ಬೇರೆ ಮಾಡೋದು ತಪ್ಪುತ್ತೆ ಅನ್ನಿಸ್ತು. ಹಸಿವೂ ಹಾಗೇ ಅಭ್ಯಾಸ ಆಗಿಹೋಯ್ತು. ಅದಕ್ಕೇ ಸುಸ್ತು ಅಂತ ನನಗೂ ಹೊಳೀಲಿಲ್ಲ.”

“ಕೊಳವೆ ಇಳಿಸ್ತಾರೆ ಅಂದಾಗಲಾದ್ರೂ ಹೇಳಬಾರದಿತ್ತಾ ತಾಯಿ?” ಎಂದರು ಡಾಕ್ಟರಮ್ಮ.

“ಊಟದ ವಿಷಯ ಎತ್ತಬಾರದು ಅಂತ ನಿಯಮ ಇತ್ತು,” ಎಂದರು ಹೆಂಡತಿ. ಅದರಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಸಾಹೇಬರಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು. ನಾಚಿಕೆಯಿಂದ ಅವರು ಯಂತ್ರದಿಂದ ಇಳಿಯುವುದನ್ನೂ ಮರೆತು ಅಲ್ಲೇ ನಿಂತಿದ್ದರು.

ಕೊಳವೆ ಒಂದು ತಿಂಗಳ ಮಟ್ಟಿಗೆ ರದ್ದಾಯಿತು. ರಕ್ತಕ್ಕೆ ಗುಳಿಗೆ ಬರೆದು, ಮೊದಲು ಹೊಟ್ಟೆ ತುಂಬ ಊಟ, ಆಮೇಲೆ ನೋಡೋಣ ಎಂದು ಡಾಕ್ಟರಮ್ಮ ಕಳಿಸಿಕೊಟ್ಟರು. ಟಿಕೆಟ್ ಕಲೆಕ್ಟರು ಎಲ್ಲರಿಗಿಂತ ಮೊದಲು ಹೊರಟರು. ಬೀದಿಯ ಮೂರು ಮನೆಗಳಿಗೂ ಹೊಸ ಸುದ್ದಿ ಮುಟ್ಟಿಸಬೇಕಿತ್ತು.

ಸಂಜೆ ಆರು ಗಂಟೆಗೆ ಸಾಹೇಬರು ಅಡುಗೆಮನೆಯ ಸ್ಟೂಲನ್ನು ಒರೆಸಿ ಹೆಂಡತಿಯನ್ನು ಕೂರಿಸಿದರು. ಎದುರಿಗೆ ನಿಂತರು. ಕೇಳಬೇಕಾದ್ದು ಸಣ್ಣ ಪ್ರಶ್ನೆ.

“ನಿನಗೆ ಏನು ಇಷ್ಟ? ತಿನ್ನೋಕೆ?”

ಹೆಂಡತಿ ಅವರ ಎರಡೂ ಕೈ ನೋಡಿದರು. ಪುಸ್ತಕವಿರಲಿಲ್ಲ. “ಹೇಳಬಹುದಾ?”

“ಹೇಳು.”

“ಬಿಸಿಯಾಗಿರೋದು.”

“ಅಂದ್ರೆ? ಬಿಸಿಯಾಗಿರೋದು ಏನು?”

“ಏನಾದ್ರೂ ಸರಿ. ಒಲೆ ಮೇಲಿಂದ ನೇರ ತಟ್ಟೆಗೆ ಬಂದಿದ್ದು.”

ಇಪ್ಪತ್ನಾಲ್ಕು ವರ್ಷ ಬಿಸಿ ಬಿಸಿ ಉಂಡ ಮನುಷ್ಯನಿಗೆ ಆ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಒಲೆಯ ಕಡೆ ತಿರುಗಿದರು. ಅಕ್ಕಿಯ ಡಬ್ಬ ಹುಡುಕಲು ಐದು ನಿಮಿಷ. ಅದು ಕಣ್ಣ ಮುಂದೆಯೇ ಇತ್ತು. ಬೆಂಕಿ ಹೊತ್ತಿಸಲು ಏಳು ಕಡ್ಡಿ. ನೀರು ಎಷ್ಟೆಂದು ಕೇಳಬಹುದಾಗಿತ್ತು, ಕೇಳಿದರು, ಹೆಂಡತಿ ಹೇಳಿದರು. ಅನ್ನ ಒಂದು ಕಡೆ ಮುದ್ದೆ, ಇನ್ನೊಂದು ಕಡೆ ಅಕ್ಕಿ. ಬೇಳೆ ತಳ ಹಿಡಿಯಿತು. ಹೊಗೆಯ ನಡುವೆ ಹೆಂಡತಿ ಎದ್ದೇಳಲು ಮೂರು ಸಲ ಹೊರಟರು, ಸಾಹೇಬರು ಮೂರು ಸಲವೂ ಸೌಟು ತೋರಿಸಿ ಕೂರಿಸಿದರು.

ತಟ್ಟೆಗೆ ಹಾಕಿದಾಗ ಆವಿ ಹೆಂಡತಿಯ ಮುಖದವರೆಗೆ ಎದ್ದಿತು. ಸಾಹೇಬರು ಬೇರೆಡೆಗೆ ನೋಡುತ್ತ ನಿಂತರು, ಗಂಟಲಲ್ಲಿ ಇಳಿಯಲಿ ಎಂದು. ಆಕೆ ಒಂದು ತುತ್ತು ಊದಿ ಬಾಯಿಗಿಟ್ಟರು. ಎರಡನೆಯದು ಊದದೆಯೇ ಇಟ್ಟರು. ತಟ್ಟೆ ಬರಿದಾಯಿತು. ಕೊನೆಗೆ ತಟ್ಟೆ ಮುಂದೆ ಚಾಚಿದರು.

“ಉಪ್ಪೇ ಹಾಕಿಲ್ಲ ನೀವು,” ಎಂದರು. “ಇನ್ನೊಂದು ಸ್ವಲ್ಪ ಬಡಿಸಿ.”